ಡೆಡ್ ಎಂದರೆ ಸತ್ತದ್ದಲ್ಲ

ನಾನು ನರ್ಸ್ ಆಗಿ ಮೊದಲು ಸೇರಿದ್ದು ಸವದತ್ತಿ ತಾಲೂಕಿನ ಒಂದು ಹೊಸ ಊರಿಗೆ. ಎಪ್ಪತ್ತರ ದಶಕದ ನಡುವಿನ ವರ್ಷಗಳು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ ಮೇಲೆ ಹಳೆಯ ಊರು ನೀರೊಳಗೆ ಹೋಗಿ, ಜನ ಪಡುವಣ ದಂಡೆಯ ಏರಿನ ಮೇಲೆ ಮನೆ ಕಟ್ಟಿಕೊಂಡಿದ್ದರು. ಎಷ್ಟೋ ಗೋಡೆಗಳು ಇನ್ನೂ ಸುಣ್ಣ ಕಂಡಿರಲಿಲ್ಲ. ಬೈಲಹೊಂಗಲದಲ್ಲಿ ಹುಟ್ಟಿ ಬೆಳೆದ ನನಗೆ ನೀರೆಂದರೆ ಬಾವಿ, ಹಗ್ಗ, ಕೊಡ. ಅಷ್ಟು ನೀರನ್ನು ಒಂದೇ ಕಡೆ ನೋಡಿ ಮೊದಲ ದಿನ ತಲೆ ತಿರುಗಿದಂತಾಗಿ ದಂಡೆಯಲ್ಲಿಯೇ ಕುಳಿತುಬಿಟ್ಟಿದ್ದೆ.

ಎದುರು ದಂಡೆಗೆ ಹೋದರೆ ಸವದತ್ತಿ. ಸುತ್ತು ಹಾಕಿ ಬಸ್ಸಿನಲ್ಲಿ ಹೋಗಲು ಅರ್ಧ ದಿನ ಬೇಕು; ನಾವೆಯಲ್ಲಿ ಮುಕ್ಕಾಲು ಗಂಟೆ. ಆ ನಾವೆಯನ್ನು ನಡೆಸುತ್ತಿದ್ದವರು ಒಬ್ಬ ಮುಸಲ್ಮಾನ ಹಿರಿಯರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮುಂಬಯಿಯ ಸರಕಿನ ಹಡಗುಗಳಲ್ಲಿ ಸುಕಾಣಿಯಾಗಿದ್ದವರು, ಅಂದರೆ ಹಡಗಿನ ಚಕ್ರ ಹಿಡಿದು ದಿಕ್ಕು ಕಾಯುವವರು. ವಯಸ್ಸಾದ ಮೇಲೆ ಸಮುದ್ರ ಬಿಟ್ಟು ಉಗರಗೋಳದ ಕಡೆ ಹೆಂಡತಿಯ ತವರಿನ ಹೊಲ ನೋಡಿಕೊಂಡಿರಲು ಬಂದಿದ್ದರು. "ನಾ ಸಮುದ್ರ ಬಿಟ್ಟು ಬಂದ್ರ ಅದು ನನ್ನ ಬೆನ್ನ ಹತ್ತಿ ಬಂತ್ರಿ ನರ್ಸಬಾಯಾರ" ಎಂದು ನೀರಿನ ಕಡೆ ಕೈ ಮಾಡಿ ನಗುತ್ತಿದ್ದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು.

ಚಾಚಾನ ಎರಡು ಚಾಳಿಗಳು ಊರಿನವರಿಗೆ ತಮಾಷೆಯ ವಸ್ತುವಾಗಿದ್ದವು. ಒಂದು, ಅವರು ಕುಳಿತುಕೊಳ್ಳುವ ಹಲಗೆಯ ಮುಂದೆ ಕಟ್ಟಿಗೆಯ ಡಬ್ಬಿಯೊಳಗೆ ಕೂರಿಸಿದ ಹಿತ್ತಾಳೆಯ ಕಂಪಾಸ. ಎದುರು ದಂಡೆ ಕಣ್ಣಿಗೆ ಕಾಣುತ್ತಿರುವಾಗ ಅದನ್ನು ನೋಡಿಕೊಂಡು ಹೋಗುವುದೇನಿದೆ ಎಂದು ಜನ ನಗುತ್ತಿದ್ದರು. ಇನ್ನೊಂದು, ಹುಟ್ಟು ಹಾಕುವಾಗ ಅವರ ತುಟಿ ಸದಾ ಅಲುಗುತ್ತಿರುವುದು. ಪ್ರಾರ್ಥನೆ ಇರಬೇಕೆಂದು ತಿಳಿದು ನಾನು ಆಗ ಮಾತಾಡಿಸುತ್ತಿರಲಿಲ್ಲ.

ಚಳಿಗಾಲದ ಒಂದು ದಿನ, ಬೆಳಕು ಹರಿಯುವಾಗ, ಒಬ್ಬ ರೈತ ಓಡಿಬಂದು ಹೆಂಡತಿಗೆ ಹೆರಿಗೆಯ ಬ್ಯಾನಿ ಎದ್ದಾವೆ ಎಂದ. ಅವರ ಮನೆಗೆ ಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದೆ. ಎಲ್ಲಿ ತಲೆ ಇರಬೇಕೋ ಅಲ್ಲಿ ಏನೂ ಇಲ್ಲ. ತಲೆ ಎಡಪಕ್ಕೆಗೆ ಸಿಕ್ಕಿತು. ಕೂಸು ಅಡ್ಡವಾಗಿತ್ತು. ನನ್ನ ತರಬೇತಿಯಲ್ಲಿ ಇದನ್ನು ನೋಡಿದ್ದೆ. ಒಬ್ಬಳೇ ಎಂದೂ ಕೈಯಲ್ಲಿ ಹಿಡಿದಿರಲಿಲ್ಲ. ನೀರು ಒಡೆಯುವ ಮೊದಲು ದವಾಖಾನೆ ಮುಟ್ಟಿಸಬೇಕು, ಇಲ್ಲದಿದ್ದರೆ ಇಬ್ಬರೂ ಉಳಿಯುವುದು ಕಷ್ಟ.

ಬಸುರಿಯ ಅತ್ತೆ ಒಪ್ಪಲಿಲ್ಲ. ಎತ್ತರದ, ಗಟ್ಟಿ ದನಿಯ ಹೆಂಗಸು. "ನಾ ಏಳ ಹಡದೇನಿ. ಒಂದಕ್ಕೂ ಸವದತ್ತಿ ಮಾರಿ ನೋಡಿಲ್ಲ" ಎಂದಳು.

ನಾನು ಆಕೆಯ ಕೈ ಹಿಡಿದು ಸೊಸೆಯ ಹೊಟ್ಟೆಯ ಎಡಬದಿಗೆ ಒತ್ತಿಸಿದೆ. "ಇದು ತಲಿ ನೋಡ್ರಿ, ಯಕ್ಕಾ. ಏಳೂ ಹೀಂಗ ಇದ್ದುವೇನು?"

ಆಕೆ ಕೈ ತೆಗೆಯಲಿಲ್ಲ. ತಾನೇ ಇನ್ನೊಮ್ಮೆ ಒತ್ತಿ ನೋಡಿ, ದಾರಿಗೆಂದು ಕಂಬಳಿ ಮಡಿಚತೊಡಗಿದಳು.

ದಂಡೆಗೆ ಬಂದರೆ ನೀರೇ ಇಲ್ಲ. ಮಂಜು. ನಾವೆಯ ಮೂತಿಯಿಂದಾಚೆಗೆ ಎಲ್ಲ ಹಿಂಜಿದ ಅರಳೆಯಂತೆ ಬಿಳಿ. ಹಿಂದಿನ ರಾತ್ರಿ ಈಚೆ ದಂಡೆಯಲ್ಲಿಯೇ ಉಳಿದಿದ್ದ ಚಾಚಾ ಮಂಜು ನೋಡಿ ನಾವೆಯನ್ನು ಮೇಲಕ್ಕೆ ಎಳೆದು, ಬೀಡಿ ಹಚ್ಚಿಕೊಂಡು ಕುಳಿತಿದ್ದರು. ನಮ್ಮನ್ನು ನೋಡಿ ಬೀಡಿ ಒಗೆದು ಎದ್ದರು.

"ಮಂಜ ಹರಿಯೂದು ಯಾವಾಗ, ಚಾಚಾ?" ಎಂದೆ.

"ಒಂಬತ್ತೂ ಆಗಬಹುದು, ಹತ್ತೂ ಆಗಬಹುದು. ಆಕಿಗೆ ಅಷ್ಟು ಹೊತ್ತು ಅದ ಏನ್ರಿ?"

ನಾನು ಇಲ್ಲ ಎಂದು ತಲೆಯಾಡಿಸಿದೆ.

"ಹಂಗಾರ ಕುಂಡ್ರಿ. ಹೊಂಟಬಿಡೂಣು."

"ಏನೂ ಕಾಣೂದಿಲ್ಲಲ್ರಿ. ಹೆಂಗ ಹೋಗೂದು?"

"ಡೆಡ್ ರೆಕನಿಂಗ್ ಮ್ಯಾಲ ಹೋಗೂದ್ರಿ" ಎಂದರು ಚಾಚಾ, ಹಗ್ಗ ಬಿಚ್ಚುತ್ತ.

ನಮ್ಮ ಸೀಮೆಯಲ್ಲಿ ಇಂಗ್ಲಿಷಿನ ಒಂದಕ್ಷರ ಬಾರದವರಿಗೂ ‘ಡೆಡ್ ಬಾಡಿ’ ಗೊತ್ತು. ದವಾಖಾನೆಯಿಂದ, ಪೊಲೀಸರಿಂದ ಊರೂರಿಗೆ ಹಬ್ಬಿದ ಶಬ್ದ ಅದು. ಒಂದು ಕಾಲು ನಾವೆಯೊಳಗೆ ಇಟ್ಟಿದ್ದ ಅತ್ತೆ ಅದನ್ನು ಹೊರಗೆ ತೆಗೆದಳು.

"ಸಾಬ್ರ, ಬಾಯಿ ಸಂಬಾಳಿಸ್ರಿ! ತುಂಬಿದ ಬಸರಿನ ಮುಂದ ಡೆಡ್ ಅಂತೀರಲ್ಲ, ಯಾರ ಡೆಡ್ ಆಗಬೇಕು ನಿಮಗ?"

ಚಾಚಾ ಪೆಚ್ಚಾದರು. "ಛೇ ಛೇ ಯಕ್ಕಾ, ಅದು ಹಡಗಿನ ಮಾತು. ಸಾಯೂದಲ್ಲ. ದಂಡಿ ಕಾಣದಿದ್ದಾಗ ನಾವೆಲ್ಲಿ ಅದೇವಿ ಅಂತ ಲೆಕ್ಕ ಹಾಕಿ ತಿಳಕೊಳ್ಳೂದು. ಎಲ್ಲಿಂದ ಹೊಂಟ್ವಿ, ಯಾವ ದಿಕ್ಕಿಗೆ ಹೊಂಟ್ವಿ, ಎಷ್ಟು ಜೋರ, ಎಷ್ಟು ಹೊತ್ತು. ಈ ನಾಕು ಗೊತ್ತಿದ್ರ ಎಲ್ಲಿ ಅದೇವಿ ಅನ್ನೂದು ಗೊತ್ತಾಕ್ಕೈತಿ. ಕಣ್ಣ ಬೇಕಾಗೂದಿಲ್ಲ."

"ಲೆಕ್ಕ ಅಂದ್ರ ಲೆಕ್ಕ ಅನ್ರಿ. ಡೆಡ್ ಯಾಕ?"

ಆಗಲೇ ಸೊಸೆಗೆ ಇನ್ನೊಂದು ಬ್ಯಾನಿ ಬಂದು ಆಕೆ ನರಳಿದಳು. ಅತ್ತೆ ಮಾತು ನಿಲ್ಲಿಸಿ ನಾವೆ ಹತ್ತಿದಳು.

ಒಂದು ಜೊತೆ ಹುಟ್ಟು ಚಾಚಾನ ಕೈಯಲ್ಲಿ, ಇನ್ನೊಂದು ಜೊತೆ ಬಸುರಿಯ ಗಂಡನ ಕೈಯಲ್ಲಿ. ಚಾಚಾನ ದೃಷ್ಟಿ ಕಂಪಾಸದ ಮೇಲೆಯೇ. ಹೊರಡುವ ಮೊದಲು ನನಗೆ ಹೇಳಿದರು: "ನಾ ದಿನಾ ಹುಟ್ಟ ಎಣಿಸಿಕೋತ ಹೋಗತೇನಿ ಬಾಯಾರ. ನೆಟ್ಟಗ ಮೂಡಣಕ್ಕ ಏಳ್ನೂರು ಹುಟ್ಟಿಗೆ ಮುಳುಗಿದ ಊರಿನ ಗುಡಿ ಬರತೈತಿ, ನೀರಾಗ. ಅಲ್ಲಿಂದ ಸ್ವಲ್ಪ ಬಲಕ್ಕ ತಿರುಗಿ ನಾಕನೂರು ಹುಟ್ಟು ಹಾಕಿದ್ರ ದಂಡಿ. ಮೊದಲ ತಿರುಗಿದ್ರ ಜಾಲಿ ಗಿಡದಾಗ ಸಿಕ್ಕೋತೇವಿ. ಇವತ್ತ ದಿಕ್ಕು ನಾ ನೋಡತೇನಿ, ಇಂವಗ ತಾಳಾ ಹೇಳತೇನಿ. ಎಣಿಸೂದು ನಿಮ್ಮ ಮ್ಯಾಲ."

ಅವರ ತುಟಿ ದಿನವೂ ಯಾಕೆ ಅಲುಗುತ್ತಿತ್ತೆಂದು ನನಗೆ ಆಗ ತಿಳಿಯಿತು.

ಬಲಗಡೆಯ ನೀರಿನಲ್ಲಿ ಮುಳುಗಿದ ಜಾಲಿಯ ಬನವನ್ನು ನಾನು ಬಿಸಿಲಲ್ಲಿ ನೋಡಿದ್ದೆ. ಕಪ್ಪು ಕೊಂಬೆಗಳು ನೀರಿನ ಮಟ್ಟಕ್ಕೆ ಸರಿಯಾಗಿ ಚಾಚಿಕೊಂಡಿದ್ದವು. ಮೀನು ಹಿಡಿಯುವವರ ಬಲೆಗಳೇ ಅಲ್ಲಿ ಹರಿಯುತ್ತಿದ್ದವು. ಹೆರಿಗೆಯ ಹೆಂಗಸನ್ನು ಮಲಗಿಸಿಕೊಂಡು ಅದರೊಳಗೆ ಸಿಕ್ಕಿಬಿದ್ದರೆ ಎಂಬುದನ್ನು ಯೋಚಿಸಲು ಧೈರ್ಯವಾಗಲಿಲ್ಲ.

ಎಣಿಸತೊಡಗಿದೆ. ಒಂದು, ಎರಡು, ಮೂರು. ದಂಡೆ ಹತ್ತು ಎಣಿಸುವುದರೊಳಗೆ ಮಾಯವಾಯಿತು. ಹುಟ್ಟು ನೀರಿಗೆ ಬೀಳುವ ಸಪ್ಪಳ, ಬಸುರಿಯ ಉಸಿರು, ಚಾಚಾ ಮೆಲ್ಲಗೆ ಹೇಳುವ "ಹಾಂ... ಹಾಂ..." ಅಷ್ಟೇ ಕೇಳುತ್ತಿತ್ತು. ನಾವು ಮುಂದೆ ಹೋಗುತ್ತಿದ್ದೇವೋ ನಿಂತಲ್ಲೇ ನಿಂತಿದ್ದೇವೋ ತಿಳಿಯುವಂತಿರಲಿಲ್ಲ. ನೂರಾದಾಗಲೊಮ್ಮೆ ಗಟ್ಟಿಯಾಗಿ ಹೇಳುತ್ತಿದ್ದೆ. ಇನ್ನೂರು. ಮುನ್ನೂರು.

ಮುನ್ನೂರ ನಲವತ್ತರ ಹತ್ತಿರ ಬಸುರಿ ನನ್ನ ಮುಂಗೈ ಹಿಡಿದು ಹಿಂಡಿದಳು. ಹಿಂದಿನ ಎಲ್ಲಕ್ಕಿಂತ ದೊಡ್ಡ ಬ್ಯಾನಿ. ನೀರು ಒಡೆಯಿತೇನೋ ಎಂದು ಸೀರೆಯಡಿ ಕೈಯಾಡಿಸಿದೆ, ಒಡೆದಿರಲಿಲ್ಲ. ಬ್ಯಾನಿ ಇಳಿದ ಮೇಲೆ ಚೀಲದಿಂದ ಕೊಳವೆ ತೆಗೆದು ಹೊಟ್ಟೆಗಿಟ್ಟು ಕಿವಿ ಹಚ್ಚಿದೆ. ಮೊದಲು ಏನೂ ಕೇಳಲಿಲ್ಲ. ನನ್ನದೇ ಎದೆಯ ಬಡಿತ. ಕೊಳವೆಯನ್ನು ಸ್ವಲ್ಪ ಸರಿಸಿದ ಮೇಲೆ ಕೂಸಿನ ಗುಂಡಿಗೆ ಸಿಕ್ಕಿತು, ಕೈಗಡಿಯಾರ ಹೊಡೆದುಕೊಂಡಂತೆ ಚುರುಕಾಗಿ. ಸಮಾಧಾನದಿಂದ ತಲೆಯೆತ್ತಿದೆ. ಆಗ ಗೊತ್ತಾಯಿತು, ಎಣಿಕೆ ತಪ್ಪಿತ್ತು.

"ಎಷ್ಟಾತ್ರಿ?" ಎಂದರು ಚಾಚಾ.

ತಪ್ಪಿತು ಎನ್ನಬೇಕಿತ್ತು. ನನಗಾಗ ಇಪ್ಪತ್ತಮೂರು ವರ್ಷ. ಆ ಅತ್ತೆಯ ಮುಂದೆ, ನಾನೇ ಹಟ ಹಿಡಿದು ಹೊರಡಿಸಿದವಳು, ತಪ್ಪಿತು ಎನ್ನಲು ಬಾಯಿ ಬರಲಿಲ್ಲ. "ನಾನೂರ ಐವತ್ತು" ಎಂದುಬಿಟ್ಟೆ. ಮತ್ತೆ ಅಲ್ಲಿಂದ ಎಣಿಸುತ್ತ ಹೋದೆ.

"ಏಳ್ನೂರು."

ಚಾಚಾ ಹುಟ್ಟು ಎತ್ತಿದರು. ನಾವೆ ನಿಂತ ಮೇಲೆ ಉದ್ದನೆಯ ಬಿದಿರ ಗಳವನ್ನು ನೀರಿಗೆ ಇಳಿಬಿಟ್ಟು ತಡಕಿದರು. ಎರಡಾಳು ಆಳದಲ್ಲಿ ಗಳ ಏನನ್ನೋ ಮುಟ್ಟಿ ಟಕ್ಕೆಂದಿತು. ಅತ್ತ ಕುಟ್ಟಿದರು, ಇತ್ತ ಕುಟ್ಟಿದರು. ಹುಬ್ಬು ಗಂಟಿಕ್ಕಿತು.

"ಗುಡಿ ಶಿಖರ ಇದ್ರ ಗಳ ಜಾರ್ತಿತ್ತು. ಇದು ಸಪಾಟ ಐತಿ. ಎಲ್ಲಿಗೆ ಬಂದ್ವಿ ಇದು?"

ನಾನು ಅತ್ತುಬಿಟ್ಟೆ. "ಚಾಚಾ, ನನ್ನ ಎಣಿಕಿ ನಡುವ ತಪ್ಪಿತ್ರಿ. ನಾನೂರ ಐವತ್ತು ಅಂದಿದ್ದು ಸುಮ್ಮನ ಅಂದಾಜ" ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಚಾಚಾ ಗಳ ಹಿಡಿದುಕೊಂಡೇ ಹೇಳಿದರು: "ಈಗ ಹೇಳಿದ್ರೆಲ್ಲ, ಚಲೋ ಆತು. ತಪ್ಪು ಎಲ್ಲಾರಿಗೂ ಆಕ್ಕೈತಿ. ಮುಚ್ಚಿ ಇಟ್ಟಾಗ ಹಡಗ ಮುಳಗತಾವ. ಅಳಬ್ಯಾಡ್ರಿ, ನಿಮ್ಮ ಪೇಶಂಟ್ ನೋಡ್ಕೋರಿ."

ಅತ್ತೆ ಕೈ ಚಾಚಿದಳು. "ಕೊಡ್ರಿಲ್ಲೆ ಆ ಗಳ" ಎಂದು ಇಸಿದುಕೊಂಡು ತಾನೇ ನೀರೊಳಗೆ ಕುಟ್ಟಿದಳು. ಸುತ್ತಲೂ, ನಿಧಾನವಾಗಿ, ಕತ್ತಲೆಯಲ್ಲಿ ಮನೆಯ ಬಾಗಿಲು ಹುಡುಕುವವರಂತೆ ಕುಟ್ಟಿದಳು. ಆಕೆಯ ಮುಖ ಬದಲಾಯಿತು.

"ಇದು ನಮ್ಮೂರ ಹುಡೇವು" ಎಂದಳು.

ಹುಡೇವು ಎಂದರೆ ಹಿಂದಿನ ಕಾಲದಲ್ಲಿ ಊರು ಕಾಯಲು ಕಟ್ಟುತ್ತಿದ್ದ ಕಲ್ಲು ಮಣ್ಣಿನ ದುಂಡು ಬುರುಜು. ಆಕೆ ಸೊಸೆಯಾಗಿ ಬಂದು ಮೂವತ್ತು ವರ್ಷ ಆ ಬುರುಜಿನ ನೆರಳಲ್ಲಿ ಬದುಕಿದ್ದಳು. "ಊರಿನ ಪಡುವಣ ತುದಿಗೆ ಹುಡೇವು. ಗುಡಿ ಮೂಡಣ ತುದಿಗೆ. ನಾವಿನ್ನೂ ಊರ ದಾಟಿಲ್ಲ."

"ಹುಡೇವಿನಿಂದ ಗುಡಿಗೆ ಎಷ್ಟು ದೂರ, ಯಕ್ಕಾ?" ಎಂದು ಚಾಚಾ ಕೇಳಿದರು. ದನಿಯಲ್ಲಿ ಅವಸರವಿತ್ತು.

"ಎಪ್ಪತ್ತೆರಡು ನಮಸ್ಕಾರ."

"ಅಂದ್ರ?"

"ಇಂವಗ ಹುಡುಗ ಇದ್ದಾಗ ದೊಡ್ಡ ಜಡ್ಡ ಆಗಿತ್ರಿ" ಎಂದು ಹುಟ್ಟು ಹಿಡಿದ ಮಗನನ್ನು ತೋರಿಸಿದಳು. "ಬದುಕಿ ಉಳದ್ರ ಐದು ಸೋಮವಾರ ದೀಡ ನಮಸ್ಕಾರ ಹಾಕತೇನಿ ಅಂತ ಬೇಡಿಕೊಂಡಿದ್ದೆ. ಹುಡೇವಿನಿಂದ ಹಿಡದು ಗುಡಿ ಬಾಗಲತನಕ. ಐದೂ ಸಲ ಎಪ್ಪತ್ತೆರಡು."

ದೀಡ ನಮಸ್ಕಾರ ನಮ್ಮಲ್ಲಿ ಎಲ್ಲರೂ ಬಲ್ಲರು. ನೆಲಕ್ಕೆ ಉದ್ದಕ್ಕೆ ಅಡ್ಡಬಿದ್ದು, ಚಾಚಿದ ಕೈ ಮುಟ್ಟಿದಲ್ಲಿ ಗೆರೆ ಎಳೆದು, ಎದ್ದು ಆ ಗೆರೆಗೆ ಹೋಗಿ ನಿಂತು ಮತ್ತೆ ಬೀಳುವುದು. ಮೈಯಿಂದಲೇ ಹಾದಿ ಅಳೆಯುತ್ತ ದೇವರ ಮುಂದೆ ಹೋಗುವುದು.

ಚಾಚಾ ಆಕೆಯನ್ನು ಕೆಳಗಿಂದ ಮೇಲಕ್ಕೆ ನೋಡಿದರು. ಎತ್ತರದ ಹೆಂಗಸು, ಕೈ ಚಾಚಿದರೆ ಇನ್ನೂ ಉದ್ದ. "ನಿಮ್ಮ ಒಂದು ನಮಸ್ಕಾರಕ್ಕ ನಮ್ಮ ಒಂದು ಹುಟ್ಟು. ಹೆಚ್ಚು ಕಡಿಮಿ ಸರಿ ಬರತೈತಿ. ಬಾಯಾರ, ಎಪ್ಪತ್ತೆರಡು ಎಣಿಸ್ರಿ."

ಈ ಸಲ ಅತ್ತೆಯೂ ನನ್ನ ಜೊತೆ ಗಟ್ಟಿಯಾಗಿ ಎಣಿಸಿದಳು. ಎಪ್ಪತ್ತೆರಡಕ್ಕೆ ಚಾಚಾ ಗಳ ಇಳಿಬಿಟ್ಟರು. ಅದು ಕಲ್ಲಿಗೆ ತಾಗಿ ಪಕ್ಕಕ್ಕೆ ಜಾರಿತು. ಇನ್ನೊಮ್ಮೆ ಇಟ್ಟರು. ಇನ್ನೊಮ್ಮೆ ಜಾರಿತು. ಅತ್ತೆ ನೀರಿಗೆ ಕೈಯದ್ದಿ ಕಣ್ಣಿಗೊತ್ತಿಕೊಂಡಳು. ಚಾಚಾ ಅದು ಮುಗಿಯುವ ತನಕ ಕಾದು, ಕಂಪಾಸ ನೋಡಿ, ನಾವೆಯ ಮೂತಿಯನ್ನು ಬಲಕ್ಕೆ ತಿರುಗಿಸಿದರು.

ನಾನೂರಕ್ಕೆ ಇನ್ನೂ ಹದಿನೈದಿಪ್ಪತ್ತು ಇರುವಾಗ ಕೋಳಿ ಕೂಗಿದ್ದು ಕೇಳಿಸಿತು. ಆಮೇಲೆ ಬಟ್ಟೆ ಒಗೆಯುವ ಸಪ್ಪಳ. ಮಂಜಿನೊಳಗಿಂದ ದಂಡೆಯ ಕಲ್ಲುಗಳು ಒಂದೊಂದಾಗಿ ಹೊರಬಂದವು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ಎದ್ದು ನಿಂತರು. ಯಾರೋ ಓಡಿ ಹೋಗಿ ನೀರಾವರಿಯವರ ಜೀಪು ತಂದರು. ಅದರ ಡ್ರೈವರ್ ಒಂದು ಪ್ರಶ್ನೆಯನ್ನೂ ಕೇಳದೆ ಹಿಂದಿನ ಸೀಟಿನ ಸಾಮಾನು ಕೆಳಗೆ ಹಾಕಿದ.

ಸವದತ್ತಿಯ ದವಾಖಾನೆಯಲ್ಲಿ ಆಗ ಒಬ್ಬ ಹಿರಿಯ ಲೇಡಿ ಡಾಕ್ಟರ್ ಇದ್ದರು. ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು, ಬ್ಯಾನಿ ಬಂದಾಗ ನಿಲ್ಲಿಸಿ, ಹೋದಾಗ ಒತ್ತಿ, ರೊಟ್ಟಿ ಹಿಟ್ಟು ನಾದುವಷ್ಟು ತಾಳ್ಮೆಯಿಂದ ಕೂಸನ್ನು ತಿರುಗಿಸಿದರು. ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಡಾಕ್ಟರು ಕೈ ತೊಳೆಯುತ್ತ, "ನೀರ ಒಡಿಯೂದರಾಗ ತಂದಿ. ಶಾಣ್ಯಾ ಇದ್ದಿ" ಎಂದು ನನಗೆ ಹೇಳಿದರು. ನಾನಲ್ಲ ಎಂದು ಹೇಳಲು ಹೋದೆ; ಅವರು ಆಗಲೇ ಮುಂದಿನ ಹಾಸಿಗೆಗೆ ಹೋಗಿದ್ದರು. ಹೊರಗೆ ಬಂದು ನೋಡಿದರೆ ಚಾಚಾ ಮತ್ತು ಅತ್ತೆ ಬೇವಿನ ಮರದ ಕಟ್ಟೆಯ ಮೇಲೆ ಆಚೆಗೊಬ್ಬರು ಈಚೆಗೊಬ್ಬರು ಕುಳಿತು ಒಂದೇ ಪೊಟ್ಟಣದ ಚುರಮುರಿ ತಿನ್ನುತ್ತಿದ್ದರು.

ಆದರೆ ಅತ್ತೆಯ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಲೆಕ್ಕ ಸರಿ, ‘ಡೆಡ್’ ಯಾಕೆ? ಸಾವನ್ನು ದಿನವೂ ಹತ್ತಿರದಿಂದ ನೋಡುವ ಕೆಲಸ ನನ್ನದು. ಬದುಕಿಸಿದ ಲೆಕ್ಕಕ್ಕೆ ಸಾವಿನ ಹೆಸರು ಇರುವುದನ್ನು ಸಹಿಸಲಾಗಲಿಲ್ಲ.

ರಜೆಗೆ ಬೈಲಹೊಂಗಲಕ್ಕೆ ಹೋದಾಗ, ನಮ್ಮ ಮನೆಯ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದ ಕಾಲೇಜಿನ ಇಂಗ್ಲಿಷ್ ಮಾಸ್ತರರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ಅದು ಡೆಡ್ ಅಲ್ಲವಾ. ‘ಡೆಡ್ಯೂಸ್ಡ್’, ಅಂದ್ರ ತರ್ಕ ಮಾಡಿ ತಗದದ್ದು. ಹಡಗಿನ ಪುಸ್ತಕದಾಗ ಅದನ್ನ ‘ಡೆಡ್’ ಅಂತ ಸಣ್ಣದ ಮಾಡಿ ಬರೀತಿದ್ದರು. ಬರಬರತಾ ಜನ ಅದನ್ನ ಸಾವು ಅಂತ ಓದಿದರು." ನನಗೆ ಎಷ್ಟು ಖುಷಿಯಾಯಿತೆಂದರೆ, ಊರಿಗೆ ಮರಳಿದವಳು ಚೀಲ ಕೆಳಗಿಡುವ ಮೊದಲೇ ಚಾಚಾಗೆ ಹೇಳಿದೆ.

ಚಾಚಾ ಪೂರ್ತಿ ಕೇಳಿ ತಲೆಯಾಡಿಸಿದರು. "ಮಾಸ್ತರ ಓದಿದವರು, ನಾ ಇಲ್ಲ ಅನ್ನೂದಿಲ್ಲ. ಆದ್ರ ಹಡಗಿನ್ಯಾಗ ಡೆಡ್ ಅನ್ನೂದು ದಿನಾ ಕೇಳ್ತಿದ್ವಿ. ಇಂಜಿನ್ನಿಗೆ ‘ಡೆಡ್ ಸ್ಲೋ’ ಅಂತ ಹೇಳಿ ಕಳಸ್ತಾರ. ಅಂದ್ರ ಇದಕ್ಕಿಂತ ಸಾವಕಾಶ ಇಲ್ಲ ಅಂತ. ‘ಡೆಡ್ ಅಹೆಡ್’ ಅಂದ್ರ ಸರಿ ಎದುರಿಗೆ, ಎಳಿಯಷ್ಟು ಆಚೀಚಿ ಇಲ್ಲ. ನನಗ ಅನಸೂದು, ಡೆಡ್ ಅಂದ್ರ ಪಕ್ಕಾ. ಪಕ್ಕಾ ಲೆಕ್ಕ." ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು. ಒಬ್ಬ ಮುದಿ ಕಪ್ತಾನ ಅವರಿಗೆ ಬೇರೆಯೇ ಹೇಳಿದ್ದನಂತೆ: ಹಿಂದಿನವರು ಹಡಗಿನ ವೇಗ ಅಳೆಯಲು ಕಟ್ಟಿಗೆಯ ತುಂಡನ್ನು ನೀರಿಗೆ ಎಸೆಯುತ್ತಿದ್ದರು, ಅದು ಸತ್ತಂತೆ ಬಿದ್ದಲ್ಲೇ ಬಿದ್ದಿರುತ್ತಿತ್ತು, ಹಡಗು ಅದನ್ನು ಎಷ್ಟು ಬೇಗ ದಾಟಿತು ಎಂದು ನೋಡುತ್ತಿದ್ದರು, ಆ ಸತ್ತ ಕಟ್ಟಿಗೆಯಿಂದ ಹೆಸರು ಬಂತು.

ಮುಂದಿನ ರಜೆಯಲ್ಲಿ ಮಾಸ್ತರರೇ ನನ್ನನ್ನು ಕರೆದು ಕೂರಿಸಿದರು. ಧಾರವಾಡಕ್ಕೆ ಹೋದಾಗ ದೊಡ್ಡ ನಿಘಂಟು ತೆಗೆಸಿ ನೋಡಿದ್ದರಂತೆ. "ನಾ ನಿನಗ ತಪ್ಪ ಹೇಳಿದ್ದೆನವಾ" ಎಂದರು. ನೂರಾರು ವರ್ಷಗಳ ಹಿಂದಿನ ಹಳೆಯ ಬರಹಗಳಲ್ಲಿಯೂ ಅದು ‘ಡೆಡ್’ ಎಂದೇ ಇದೆ. ಡೆಡ್ಯೂಸ್ಡ್ ಎಂಬುದು ಆಮೇಲಿನವರು ಕಟ್ಟಿದ ಕಥೆ ಇರಬೇಕು. "ನಿಮ್ಮ ನಾವಿಯವರು ಹೇಳಿದ್ದು ಹೆಚ್ಚು ಸರಿ ಕಾಣತೈತಿ. ಆದ್ರ ಇದಽ ಅಂತ ಆಣಿ ಮಾಡಿ ಹೇಳಾಕ ಯಾರಿಗೂ ಆಗೂದಿಲ್ಲ." ವಿದ್ಯಾರ್ಥಿನಿಯೂ ಅಲ್ಲದ ಒಬ್ಬ ನರ್ಸ್ ಹುಡುಗಿಗೆ ತಪ್ಪು ಹೇಳಿದೆ ಎಂದು ಒಪ್ಪಿಕೊಳ್ಳಲು ಅವರಿಗೆ ಯಾವ ಅಗತ್ಯವೂ ಇರಲಿಲ್ಲ. ಆ ಮಾತನ್ನು ಕೇಳುತ್ತ ನನಗೆ ಮಂಜಿನಲ್ಲಿ ನಾನು ಹೇಳಿದ ಸುಳ್ಳು ಅಂಕಿ ನೆನಪಾಗಿ ಕಿವಿ ಬಿಸಿಯಾಯಿತು.

ಅತ್ತೆಗೆ ಈ ಅರ್ಥಗಳನ್ನೆಲ್ಲ ಹೇಳಿ ನೋಡಿದೆ. ಆಕೆ ಒಪ್ಪಲಿಲ್ಲ. ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತ, "ಸಾಬ್ರಿಗೆ ನಾಲಿಗಿ ತಿರಗೂದಿಲ್ಲ, ಅದಕ್ಕ ಡೆಡ್ ಅಂತಾರ. ಅದು ದೀಡ ಲೆಕ್ಕ. ಮೈಲೆ ಅಳಿಯೂ ಲೆಕ್ಕ" ಎಂದಳು. ಊರಲ್ಲಿ ಆಮೇಲೆ ಎಲ್ಲರೂ ಹಾಗೆಯೇ ಅನ್ನತೊಡಗಿದರು. ಚಾಚಾ ಕೂಡ ತಿದ್ದಲು ಹೋಗಲಿಲ್ಲ. ನಿಘಂಟಿನವರಿಗೆ ಈ ಅರ್ಥ ಸಿಕ್ಕಿರಲಿಕ್ಕಿಲ್ಲ. ಅದು ತಪ್ಪೆಂದು ನನಗೆ ಗೊತ್ತು. ಆದರೂ ಈ ನಾಲ್ಕರಲ್ಲಿ ಒಂದನ್ನು ಇಟ್ಟುಕೋ ಎಂದರೆ ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ.

ದಶಕ ಮುಗಿಯುವ ಮೊದಲು ನನಗೆ ರಾಮದುರ್ಗದ ಕಡೆ ವರ್ಗವಾಯಿತು. ಆ ಹೊತ್ತಿಗೆ ಊರಿಗೇ ಸವದತ್ತಿಯ ನೇರ ಬಸ್ಸು ಬರತೊಡಗಿ ನಾವೆಗೆ ಜನ ಕಡಿಮೆಯಾಗಿದ್ದರು. ಹೊರಡುವ ಹಿಂದಿನ ದಿನ ಚಾಚಾನ ಮನೆಗೆ ಹೋದೆ. ಉಗರಗೋಳದ ಹಾದಿಯಲ್ಲಿ ದೇವಿಯ ಗುಡ್ಡದ ಜಾತ್ರೆಗೆ ಹೋಗುವ ಜನರ ಗಾಡಿಗಳು ಸಾಲುಗಟ್ಟಿದ್ದವು. ಚಾಚಾ ಅಂಗಳದಲ್ಲಿ ಕುಳಿತು ಅವರಿಗೆಲ್ಲ ಕುಡಿಯಲು ನೀರಿಡುತ್ತಿದ್ದರು. ನಾನು ಮನೆಯಲ್ಲಿ ಎಷ್ಟೋ ಮಾತು ಸಿದ್ಧಮಾಡಿಕೊಂಡು ಹೋಗಿದ್ದೆ. ಆ ದಿನ ನೀವು ಬೈದಿದ್ದರೆ ನಾನು ಈ ಕೆಲಸವನ್ನೇ ಬಿಡುತ್ತಿದ್ದೆ, ಆಮೇಲೆ ನನ್ನ ಕೈಯಲ್ಲಿ ಹುಟ್ಟಿದ ಎಲ್ಲ ಕೂಸುಗಳಲ್ಲಿ ನಿಮ್ಮದೊಂದು ಪಾಲಿದೆ, ಎಂದೆಲ್ಲ ಹೇಳಬೇಕೆಂದಿದ್ದೆ. ಹೊರಬಂದದ್ದು ಇಷ್ಟೇ: "ಚಾಚಾ, ನಿಮ್ಮ ಉಪಕಾರ ನಾ ಮರಿಯೂದಿಲ್ರಿ."

ಚಾಚಾಗೆ ನಾಚಿಕೆಯಾಯಿತು. ಟೊಪ್ಪಿಗೆ ಸರಿಪಡಿಸಿಕೊಂಡು ಒಳಗೆ ಕೂಗಿದರು: "ಏ ಕೇಳ್ತೇನ, ನರ್ಸಬಾಯಾರು ಬಂದಾರ. ಚಾಕ ಸ್ವಲ್ಪ ಸಕ್ಕರಿ ಜಾಸ್ತಿ ಹಾಕು."

ಅವರ ಹೆಂಡತಿ ಏಲಕ್ಕಿ ಕುಟ್ಟಿ ಹಾಕಿದ ಚಹಾ ತಂದರು. ನಾವು ಮೂವರೂ ಹೊರಸಿನ ಮೇಲೆ ಕುಳಿತು, ಹಾದಿಯಲ್ಲಿ ಹೋಗುವವರನ್ನು ನೋಡುತ್ತ ಕುಡಿದೆವು.